ಹೆಗಲಪಟ್ಟಿಯ ಬಿಗಿ

(ಶತಮಾನೋತ್ಸವದ ಅಂಗವಾಗಿ ಸೇರಿದ್ದ ಪೋಷಕರ, ಹಿರಿಯ ವಿದ್ಯಾರ್ಥಿಗಳ ಹಾಗೂ ಎನ್.ಸಿ.ಸಿ. ಕೆಡೆಟ್‌ಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಸಂಭ್ರಮದಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಶಾಲೆಯ ಚರಿತ್ರೆಯನ್ನೋ ಕನ್ನಡದ ಹಿರಿಮೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಎರಡನ್ನೂ ನಮಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾವು ಇಂದು ಆಯ್ದುಕೊಂಡಿರುವುದು ಬಹಳ ಸಣ್ಣ ವಸ್ತು. ಬಂದೂಕಿಗೆ ಕಟ್ಟುವ ಪಟ್ಟಿ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಲಿಂಗ್ ಎಂದು ಹೆಸರು. ಮಕ್ಕಳು ಸುಲಭವಾಗಿ ‘ಬೆಲ್ಟ್’ ಎನ್ನುತ್ತಾರೆ. ನಾವು ಈ ಮಾತಿನ ಉದ್ದಕ್ಕೂ ಅದನ್ನು ಹೆಗಲಪಟ್ಟಿ ಎಂದು ಕರೆಯೋಣ.

ಶಾಲೆಗೂ ಬಂದೂಕಿನ ಪಟ್ಟಿಗೂ ಏನು ಸಂಬಂಧವೆಂದು ಕೆಲವು ತಾಯಂದಿರು ಕೇಳಬಹುದು. ಸಂಬಂಧ ಇಷ್ಟೇ: ಎನ್.ಸಿ.ಸಿ. ಸೇರಿದ ಮಕ್ಕಳು ಕವಾಯತಿನಲ್ಲಿ ಬಂದೂಕನ್ನು ಹಿಡಿಯುತ್ತಾರೆ, ಶಿಬಿರದಲ್ಲಿ.22 ರೈಫಲ್ಲಿನಿಂದ ಗುರಿಯಿಟ್ಟು ಹೊಡೆಯುತ್ತಾರೆ. ಅಲ್ಲಿ ಅವರ ಕಿವಿಗೆ ಬೀಳುವ ಆಜ್ಞೆಗಳು ‘ಸಾವಧಾನ್’, ‘ವಿಶ್ರಾಮ್’, ‘ಬಾಜೂ ಶಸ್ತ್ರ’, ‘ಸಲಾಮಿ ಶಸ್ತ್ರ’ ಎಂಬ ಹಿಂದಿಯವು. ಕೈಗೆ ಬರುವ ಪುಸ್ತಕ ಇಂಗ್ಲಿಷಿನದು. ವಿವರಿಸುವ ಹವಾಲ್ದಾರರು ಹೆಚ್ಚಿನ ಪಾಲು ತಮಿಳಿನಲ್ಲಿ ವಿವರಿಸುತ್ತಾರೆ. ನಮ್ಮ ಹೊಸೂರು, ತಳಿ, ಡೆಂಕಣಿಕೋಟೆಯ ಮಕ್ಕಳಿಗೆ ಹಲವು ಭಾಷೆ ಹೊಸದಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಎಂದು ಮೂರು ಮಾತನ್ನು ದಿನವೂ ಆಡುವವರು ಅವರು. ಆದರೆ ಆಜ್ಞೆಯನ್ನು ಪಾಲಿಸುವುದು ಬೇರೆ, ಅದರ ಕಾರಣವನ್ನು ಅರಿಯುವುದು ಬೇರೆ. ಕಾರಣವನ್ನು ಮಗು ತಾನು ಯೋಚಿಸುವ ಭಾಷೆಯಲ್ಲೇ ಅರಿಯಬೇಕು. ಆ ಅರಿವನ್ನು ಕೊಡುವುದು ಶಾಲೆಯ ಕೆಲಸ. ಕನ್ನಡದಲ್ಲಿ ಕಥೆ, ಕವಿತೆಗಳನ್ನು ಮಾತ್ರ ಹೇಳಬಹುದು, ಯಂತ್ರವನ್ನೂ ಆಯುಧವನ್ನೂ ವಿವರಿಸಲಾಗದು ಎಂಬ ಭಾವನೆ ಮಕ್ಕಳಲ್ಲಿ ಬೇರೂರಿದರೆ ನಮ್ಮಂಥ ಶಾಲೆಗಳು ಉಳಿಯುವುದಿಲ್ಲ.

ಆಜ್ಞಾಪದಗಳ ಭಾಷೆ ಈ ರಾಜ್ಯದಲ್ಲಿ ಹಿಂದೆಯೂ ಚರ್ಚೆಗೆ ಬಂದ ಸಂಗತಿ. 1968ರ ಜನವರಿಯಲ್ಲಿ ಅಂದಿನ ಮದ್ರಾಸ್ ರಾಜ್ಯದ ವಿಧಾನಸಭೆಯು ಭಾಷೆಯ ವಿಷಯವಾಗಿ ಅಂಗೀಕರಿಸಿದ ನಿರ್ಣಯದಲ್ಲಿ ಎನ್.ಸಿ.ಸಿ.ಯ ಹಿಂದಿ ಆಜ್ಞೆಗಳ ಪ್ರಸ್ತಾಪವೂ ಇತ್ತು. ಆ ವಾದವನ್ನು ನಾವಿಲ್ಲಿ ಮತ್ತೆ ಎತ್ತುವುದಿಲ್ಲ. ಆಜ್ಞೆ ಯಾವ ಭಾಷೆಯಲ್ಲಿದ್ದರೂ ಇರಲಿ, ತಿಳಿವಳಿಕೆ ಕನ್ನಡದಲ್ಲಿ ಇರಲಿ ಎಂಬಷ್ಟೇ ನಮ್ಮ ಆಶಯ.

ನಮ್ಮ ಸೀಮೆಗೆ ಆಯುಧದ ಪರಿಚಯ ಹಳೆಯದು. ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಮಕ್ಕಳು ದಿನವೂ ನೋಡುತ್ತಾರೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ರಾಯಕೋಟೆ, ಹೊಸೂರು, ಕೃಷ್ಣಗಿರಿಯ ಕೋಟೆಗಳ ಮುಂದೆ ಸೇನೆಗಳು ಹಾದುಹೋದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಇಂಗ್ಲಿಷರ ಕೈಸೇರಿತು. ಇಂದು ಈ ನೆಲದ ಮಕ್ಕಳು ಬಂದೂಕನ್ನು ಮುಟ್ಟುವುದು ಯುದ್ಧಕ್ಕಾಗಿ ಅಲ್ಲ, ಶಿಸ್ತಿಗಾಗಿ ಮತ್ತು ಕ್ರೀಡೆಗಾಗಿ. ಆದ್ದರಿಂದಲೇ ಅದನ್ನು ಅರಿತು ಮುಟ್ಟಬೇಕು.

ಈಗ ವಸ್ತುವಿಗೆ ಬರೋಣ. ಹೆಗಲಪಟ್ಟಿ ಎಂದರೆ ಹತ್ತಿಯ ಅಥವಾ ನೈಲಾನಿನ ದಪ್ಪ ನೇಯ್ಗೆಯ, ಇಲ್ಲವೇ ತೊಗಲಿನ ಪಟ್ಟಿ. ಬಂದೂಕಿನ ಮುಂಭಾಗದ ಮರದ ಅಡಿಯಲ್ಲಿ ಒಂದು ಕೊಂಡಿ, ಹೆಗಲಿಗೆ ಒರಗುವ ಹಿಂಭಾಗದ ಅಡಿಯಲ್ಲಿ ಇನ್ನೊಂದು ಕೊಂಡಿ ಇರುತ್ತದೆ. ಪಟ್ಟಿಯ ಎರಡು ತುದಿಗಳು ಆ ಕೊಂಡಿಗಳ ಮೂಲಕ ಹಾದು ಹಿಂತಿರುಗಿ ಪಟ್ಟಿಗೇ ಸೇರುತ್ತವೆ. ಉದ್ದವನ್ನು ಹೆಚ್ಚು ಕಡಿಮೆ ಮಾಡಲು ಒಂದು ಬಕಲ್ ಇರುತ್ತದೆ, ಇಲ್ಲವೇ ಸಾಲಾಗಿ ತೂತುಗಳಿರುತ್ತವೆ. ಹಿಂದೆ ಕವಾಯತಿಗೆ ಬಳಸುತ್ತಿದ್ದ .303 ರೈಫಲ್ಲಿನ ಪಟ್ಟಿಯ ತುದಿಗಳಿಗೆ ಹಿತ್ತಾಳೆಯ ಹೊದಿಕೆ ಇರುತ್ತಿದ್ದುದನ್ನು, ಅದನ್ನು ಉಜ್ಜಿ ಹೊಳಪಿಸಿದ್ದನ್ನು ಹಿರಿಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನೆನಪಿಟ್ಟುಕೊಂಡಿರಬಹುದು.

ಈ ಪಟ್ಟಿಗೆ ಎರಡು ಕೆಲಸಗಳಿವೆ. ಒಂದು, ಬಂದೂಕನ್ನು ಹೊರಲು ನೆರವಾಗುವುದು. ಇನ್ನೊಂದು, ಗುರಿಯಿಡುವಾಗ ಅದನ್ನು ಅಲುಗದಂತೆ ನಿಲ್ಲಿಸುವುದು. ಎರಡಕ್ಕೂ ಪಟ್ಟಿಯ ಉದ್ದ ಬೇರೆ ಬೇರೆ. ಇದನ್ನು ತಿಳಿಯದವರು ಒಂದೇ ಉದ್ದದಲ್ಲಿ ಎರಡನ್ನೂ ಸಾಗಿಸಲು ಹೋಗಿ ಎರಡರಲ್ಲೂ ಸೋಲುತ್ತಾರೆ.

ಪಟ್ಟಿಯನ್ನು ಮುಟ್ಟುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮಕ್ಕಳೇ, ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ. ಮೇಲ್ವಿಚಾರಕರು ಹೇಳದೆ ಬಂದೂಕನ್ನು ಎತ್ತಬಾರದು. ಎತ್ತಿದ ಮೇಲೆ ನಳಿಗೆಯ ಬಾಯಿ ಸದಾ ಅಪಾಯವಿಲ್ಲದ ದಿಕ್ಕಿಗೆ, ಎಂದರೆ ಗುರಿಹಲಗೆಯ ಕಡೆಗೆ ಇರಬೇಕು. ಬೆರಳು ಟ್ರಿಗರಿನಿಂದ ಹೊರಗಿರಬೇಕು. ಮ್ಯಾಗಜೀನನ್ನು ಕಳಚಿ, ಬೋಲ್ಟನ್ನು ಹಿಂದಕ್ಕೆ ಎಳೆದು ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಬೇಕು, ಬೆರಳಿನಿಂದಲೂ ಮುಟ್ಟಿ ನೋಡಬೇಕು. ಪಕ್ಕದವನು ನೋಡಿದ್ದಾನೆ ಎಂದು ನೀವು ಬಿಡಬಾರದು. .22 ಗುಂಡು ಕಾಣಲು ಚಿಕ್ಕದು. ಅದರ ಅಡ್ಡಳತೆ ಸುಮಾರು 5.6 ಮಿ.ಮೀ. ಮಾತ್ರ. ಆದರೆ ಅದು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದು. ಪಟ್ಟಿಯನ್ನು ಬಿಗಿ ಮಾಡುವಾಗ ಗಮನವೆಲ್ಲ ಬಕಲ್ಲಿನ ಮೇಲಿರುತ್ತದೆ. ನಳಿಗೆ ಎತ್ತಲೋ ತಿರುಗಿಬಿಡುತ್ತದೆ. ಅದಕ್ಕಾಗಿಯೇ ಈ ಎಚ್ಚರಿಕೆ ಮೊದಲು.

ಅನಂತರ ಪಟ್ಟಿಯನ್ನೇ ಪರೀಕ್ಷಿಸಬೇಕು. ಕೊಂಡಿಯ ಸ್ಕ್ರೂ ಸಡಿಲವಾಗಿದೆಯೇ, ಹೊಲಿಗೆ ಬಿಟ್ಟಿದೆಯೇ, ಪಟ್ಟಿ ಎಲ್ಲಿಯಾದರೂ ತಿರುಚಿಕೊಂಡಿದೆಯೇ ಎಂದು ನೋಡಬೇಕು. ತಿರುಚಿದ ಪಟ್ಟಿ ತೋಳಿಗೆ ಒತ್ತಿ ನೋಯಿಸುತ್ತದೆ. ಬಂದೂಕನ್ನು ಪಟ್ಟಿ ಹಿಡಿದು ನೆಲದ ಮೇಲೆ ಎಳೆಯಬಾರದು.

ಹೊರುವಾಗಿನ ಅಳತೆ ಸುಲಭ. ಬಂದೂಕನ್ನು ಹೆಗಲಿಗೆ ಹಾಕಿದಾಗ ಅದು ಬೆನ್ನಿಗೆ ಬಡಿಯದಂತೆ, ನಡೆದಾಗ ತೂಗಾಡದಂತೆ, ಕೈ ಒಂದು ಸಲ ಚಾಚಿದರೆ ಪಟ್ಟಿಯನ್ನು ಹಿಡಿಯುವಂತೆ ಇದ್ದರೆ ಸಾಕು. ಕವಾಯತಿನಲ್ಲಿ ಪಟ್ಟಿ ಬಂದೂಕಿಗೆ ಅಂಟಿದಂತೆ ಬಿಗಿಯಾಗಿರಬೇಕು. ಇಲ್ಲವಾದರೆ ‘ಸಲಾಮಿ ಶಸ್ತ್ರ’ ಮಾಡುವಾಗ ಕೈಗೆ ಸಿಕ್ಕಿಕೊಳ್ಳುತ್ತದೆ. ಎತ್ತರದ ಹುಡುಗನಿಗೆ ಸರಿಹೋದ ಉದ್ದ ಎಂಟನೆಯ ತರಗತಿಯ ಪುಟ್ಟ ಹುಡುಗಿಗೆ ಸರಿಹೋಗದು. ಆದ್ದರಿಂದ ಹಿಂದಿನವರು ಬಿಟ್ಟುಹೋದ ಅಳತೆಯನ್ನು ಹಾಗೆಯೇ ಒಪ್ಪಿಕೊಳ್ಳದೆ ತಮ್ಮ ದೇಹಕ್ಕೆ ಹೊಂದಿಸಿಕೊಳ್ಳಬೇಕು.

ಗುರಿಯಿಡುವಾಗಿನ ಅಳತೆ ಸ್ವಲ್ಪ ಸೂಕ್ಷ್ಮವಾದದ್ದು. ಬಲಗೈಯವರಿಗೆ ಹೇಳುತ್ತೇವೆ, ಎಡಗೈಯವರು ಇದನ್ನು ಅದಲುಬದಲು ಮಾಡಿಕೊಳ್ಳಲಿ. ಮಲಗಿ ಹೊಡೆಯುವ ಭಂಗಿಯಲ್ಲಿ ಎಡಗೈ ಬಂದೂಕನ್ನು ಕೆಳಗಿನಿಂದ ಆನುತ್ತದೆ. ಪಟ್ಟಿ ಇಲ್ಲದಿದ್ದರೆ ಆ ಭಾರವನ್ನು ತೋಳಿನ ಸ್ನಾಯುಗಳೇ ಹೊರಬೇಕು. ಸ್ನಾಯು ದಣಿಯುತ್ತದೆ, ದಣಿದದ್ದು ನಡುಗುತ್ತದೆ. ಎಲುಬು ದಣಿಯುವುದಿಲ್ಲ. ಭಾರವನ್ನು ಸ್ನಾಯುವಿನಿಂದ ಎಲುಬಿಗೆ ವರ್ಗಾಯಿಸುವುದೇ ಹೆಗಲಪಟ್ಟಿಯ ಗುಟ್ಟು.

ಅದು ಹೇಗೆ? ಗೋಡೆಗೆ ಸುಣ್ಣ ಬಳಿಯುವವರು ಬಳಸುವ ಎರಡು ಕಾಲಿನ ಏಣಿಯನ್ನು ನೆನೆದುಕೊಳ್ಳಿ. ಕಾಲುಗಳು ಜಾರಿ ಅಗಲವಾಗದಂತೆ ನಡುವೆ ಒಂದು ಹಗ್ಗ ಕಟ್ಟಿರುತ್ತಾರೆ. ಹಗ್ಗ ಬಿಗಿಯಾಗಿ ನಿಂತಿರುವ ತನಕ ಏಣಿ ಎಷ್ಟು ಭಾರವನ್ನಾದರೂ ತಡೆಯುತ್ತದೆ. ಮಡಿಸಿದ ಎಡಗೈಯೂ ಅಂಥ ಏಣಿಯೇ. ಮೊಣಕೈ ಮೇಲಿನ ತೋಳು ಒಂದು ಕಾಲು, ಮುಂಗೈ ಇನ್ನೊಂದು ಕಾಲು. ಬಂದೂಕಿನ ಭಾರ ಮುಂಗೈಯನ್ನು ಮುಂದಕ್ಕೆ ಬೀಳಿಸಲು ನೋಡುತ್ತದೆ. ತೋಳಿನಿಂದ ಬಂದೂಕಿನ ಮುಂಭಾಗಕ್ಕೆ ಎಳೆದು ಕಟ್ಟಿದ ಪಟ್ಟಿ, ಏಣಿಯ ಹಗ್ಗದಂತೆ, ಅದನ್ನು ತಡೆದು ಹಿಡಿಯುತ್ತದೆ. ಹೀಗೆ ಮೂರು ಬದಿಗಳ ಒಂದು ತ್ರಿಕೋನವಾಗುತ್ತದೆ. ತ್ರಿಕೋನದ ಬದಿಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗದೆಂದು ಗಣಿತದ ಪಾಠದಲ್ಲಿ ಓದಿದ್ದೀರಿ. ಅದೇ ನಿಯಮ ಇಲ್ಲಿ ನಿಮ್ಮ ತೋಳಿನಲ್ಲಿದೆ.

ಕ್ರಮ ಹೀಗೆ. ಮೊದಲು ಪಟ್ಟಿಯಲ್ಲಿ ಒಂದು ಕುಣಿಕೆ ಮಾಡಿ, ಎಡತೋಳನ್ನು ಅದರೊಳಗೆ ತೂರಿಸಿ, ತೋಳಿನ ಮೇಲುಭಾಗಕ್ಕೆ ಏರಿಸಿ ಬಿಗಿ ಮಾಡಿ. ಕುಣಿಕೆ ಜಾರಬಾರದು, ರಕ್ತವನ್ನೂ ತಡೆಯಬಾರದು. ಆಮೇಲೆ ಎಡಗೈಯನ್ನು ಪಟ್ಟಿಯ ಹೊರಗಿನಿಂದ ಬಳಸಿ ತಂದು, ಪಟ್ಟಿ ಹಸ್ತದ ಹಿಂಬದಿಗೆ ಚಪ್ಪಟೆಯಾಗಿ ಒರಗುವಂತೆ ಮಾಡಿ, ಅಂಗೈಯನ್ನು ಬಂದೂಕಿನ ಅಡಿಗೆ ಇಡಿ. ಮುಂದಿನ ಕೊಂಡಿಯ ತನಕ ಕೈಯನ್ನು ಸರಿಸಿ. ಬಳಿಕ ಬಂದೂಕಿನ ಹಿಂಭಾಗವನ್ನು ಬಲಗೈಯಿಂದ ಹೆಗಲಿನ ಕುಳಿಗೆ ಸೇರಿಸಿ. ಸೇರಿಸಲು ತುಸು ಒತ್ತಡ ಬೇಕಾದರೆ ಉದ್ದ ಸರಿಯಿದೆ. ಒತ್ತಡವೇ ಇಲ್ಲದೆ ಸೇರಿಕೊಂಡರೆ ಪಟ್ಟಿ ಸಡಿಲ. ಒಂದು ತೂತು ಬಿಗಿ ಮಾಡಿ. ಸೇರಿಸಲು ಹೆಣಗಾಡಬೇಕಾದರೆ ಬಿಗಿ ಅತಿಯಾಯಿತು. ಒಂದು ತೂತು ಸಡಿಲಿಸಿ.

ಈಗ ಪರೀಕ್ಷೆ. ಖಾಲಿ ಬಂದೂಕಿನಿಂದಲೇ ಇದನ್ನು ಮಾಡಬೇಕು. ಎಡಗೈಯ ಬೆರಳುಗಳನ್ನು ಸಡಿಲ ಬಿಡಿ. ಬಂದೂಕು ಕೆಳಗಿಳಿಯದೆ ನಿಂತರೆ ಭಾರವನ್ನು ಪಟ್ಟಿ ಹೊರುತ್ತಿದೆ ಎಂದರ್ಥ. ಆಮೇಲೆ ಗುರಿ ನೋಡಿ, ಕಣ್ಣು ಮುಚ್ಚಿ, ಎರಡು ಮೂರು ಸಲ ನಿಧಾನವಾಗಿ ಉಸಿರಾಡಿ, ಕಣ್ಣು ತೆರೆಯಿರಿ. ಸೈಟ್ ಗುರಿಯ ಮೇಲೆಯೇ ಇದ್ದರೆ ದೇಹ ಸರಿಯಾಗಿ ಮಲಗಿದೆ. ಎಡಕ್ಕೋ ಬಲಕ್ಕೋ ಸರಿದಿದ್ದರೆ ಕೈಯಿಂದ ನೂಕಿ ಸರಿಪಡಿಸಬೇಡಿ. ಎಡ ಮೊಣಕೈಯನ್ನು ಇದ್ದಲ್ಲೇ ಬಿಟ್ಟು, ಇಡೀ ದೇಹವನ್ನು ತುಸು ತಿರುಗಿಸಿ ಮತ್ತೆ ಪರೀಕ್ಷಿಸಿ. ಬಲವಂತದಿಂದ ತಂದ ಗುರಿ ಟ್ರಿಗರ್ ಒತ್ತುವ ಕ್ಷಣದಲ್ಲಿ ತಪ್ಪಿಹೋಗುತ್ತದೆ.

ಬಿಗಿ ಅತಿಯಾದಾಗ ದೇಹವೇ ಹೇಳುತ್ತದೆ. ಬೆರಳುಗಳು ಜುಮ್ಮೆನ್ನುತ್ತವೆ. ಸೈಟ್ ಒಂದೇ ತಾಳದಲ್ಲಿ ಮೇಲೆ ಕೆಳಗೆ ಕುಣಿಯುತ್ತದೆ. ಅದು ನಿಮ್ಮ ನಾಡಿಯ ಮಿಡಿತ. ತೋಳಿನ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಕುಣಿಕೆ ಅದನ್ನು ಒತ್ತಿದರೆ ಮಿಡಿತ ಪಟ್ಟಿಯ ಮೂಲಕ ಬಂದೂಕಿಗೆ ಮುಟ್ಟುತ್ತದೆ. ಕುಣಿಕೆಯನ್ನು ತುಸು ಮೇಲಕ್ಕೆ ಸರಿಸಿ, ಇಲ್ಲವೇ ಬಿಗಿಯನ್ನು ಇಳಿಸಿ. ಒಂದು ಹೊಡೆತದಿಂದ ಇನ್ನೊಂದಕ್ಕೆ ಕುಣಿಕೆ ಕೆಳಗೆ ಜಾರುತ್ತಿದ್ದರೆ ಹಲಗೆಯ ಮೇಲಿನ ತೂತುಗಳೂ ಕೆಳಗೆ ಇಳಿಯುತ್ತವೆ. ಸರಿಹೊಂದಿದ ಉದ್ದ ಸಿಕ್ಕ ಮೇಲೆ ಎಷ್ಟನೆಯ ತೂತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಧನುರ್ಮಾಸದ ಹೊಸೂರಿನ ಚಳಿಗೆ ಒಳಗೆ ಸ್ವೆಟರ್ ತೊಟ್ಟಿದ್ದರೆ ಆ ಲೆಕ್ಕ ಬದಲಾಗುತ್ತದೆ; ಅದನ್ನೂ ಬರೆದಿಡಿ. ವಿಜ್ಞಾನದ ಪ್ರಯೋಗಕ್ಕೆ ಟಿಪ್ಪಣಿ ಹೇಗೋ ಇದಕ್ಕೂ ಹಾಗೆಯೇ.

ಕ್ರೀಡೆಯಾಗಿ ಇದನ್ನು ಮುಂದುವರಿಸುವ ಆಸೆ ಕೆಲವರಿಗಿರಬಹುದು. ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಸ್ಥಾಪನೆಯಾಯಿತು. ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಜಿ.ವಿ. ಮಾವಳಂಕರರು ಅದರ ಮೊದಲ ಅಧ್ಯಕ್ಷರು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಹೆಗಲಪಟ್ಟಿಯ ಅಗಲ 40 ಮಿ.ಮೀ. ಮೀರುವಂತಿಲ್ಲ. ಮಲಗಿದ ಮತ್ತು ಮೊಣಕಾಲೂರಿದ ಭಂಗಿಗಳಲ್ಲಿ ಅದನ್ನು ಬಳಸಬಹುದು. ನಿಂತ ಭಂಗಿಯಲ್ಲಿ ಬಳಸುವಂತಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆ ನಿಂತೇ ಆಡುವಂಥದು, ಅಲ್ಲಿ ಪಟ್ಟಿಯಿಲ್ಲ. 2024ರಲ್ಲಿ ಪ್ಯಾರಿಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅಲ್ಲಿ ಮೊದಲೆರಡು ಭಂಗಿಗಳಿಗೆ ಪಟ್ಟಿಯ ಆಸರೆ ಉಂಟು. ಕೊನೆಯದಾದ ನಿಂತ ಭಂಗಿಯಲ್ಲಿ ಅದನ್ನು ಬಿಚ್ಚಿಟ್ಟು ಸ್ವಂತ ಬಲದಿಂದ ನಿಲ್ಲಬೇಕು. ಆಸರೆಯನ್ನು ಬಳಸುವುದನ್ನೂ ಆಸರೆಯಿಲ್ಲದೆ ನಿಲ್ಲುವುದನ್ನೂ ಒಬ್ಬನೇ ಕಲಿಯಬೇಕಾದ ಸ್ಪರ್ಧೆ ಅದು.

ಪೋಷಕರೇ, ಇಲ್ಲಿಯವರೆಗೆ ಮಕ್ಕಳಿಗೆ ಹೇಳಿದೆವು. ಇನ್ನು ನಿಮಗೆ ಹೇಳಬೇಕಾದ ಮಾತು. ಹೆಗಲಪಟ್ಟಿಯನ್ನು ಮಕ್ಕಳು ತಾವಾಗಿಯೇ ಸರಿಪಡಿಸಿಕೊಳ್ಳಲು ಕಲಿಯಬೇಕೆಂದು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಪಟ್ಟಿ ಕಟ್ಟುವುದು ತೋಳಿಗೆ, ಹೆಗಲಿಗೆ. ಭಂಗಿ ತಿದ್ದುವುದು ನೆಲದ ಮೇಲೆ ಮಲಗಿದ ಮಗುವಿನದು. ಕಲಿಸುವ ನೆಪದಲ್ಲಿ ಮಗುವಿನ ಮೈಮುಟ್ಟುವ ಅವಕಾಶ ಇಲ್ಲಿ ಸುಲಭವಾಗಿ ಒದಗುತ್ತದೆ. 2024ರ ಆಗಸ್ಟಿನಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಎನ್.ಸಿ.ಸಿ. ಹೆಸರಿನಲ್ಲಿ ನಡೆದ ನಕಲಿ ಶಿಬಿರದ ಸುದ್ದಿ ನಿಮಗೆಲ್ಲ ತಿಳಿದಿದೆ. ಆ ಶಾಲೆಯಲ್ಲಿ ಎನ್.ಸಿ.ಸಿ. ಘಟಕವೇ ಇರಲಿಲ್ಲ. ಆ ಮಕ್ಕಳ ನೋವನ್ನು ನಾವು ಮಾತಿನ ಸರಕಾಗಿಸಬಾರದು. ಅದರಿಂದ ಕಲಿಯದೆಯೂ ಇರಬಾರದು.

ಆದ್ದರಿಂದ ನೀವು ಕೇಳಿ ತಿಳಿಯಬೇಕಾದ ಪ್ರಶ್ನೆಗಳನ್ನು ಹೇಳುತ್ತೇವೆ. ಶಾಲೆಗೆ ಮಂಜೂರಾದ ಎನ್.ಸಿ.ಸಿ. ಘಟಕವಿದೆಯೇ? ಶಿಬಿರದ ಪತ್ರ ಬೆಟಾಲಿಯನ್ ಕಚೇರಿಯಿಂದ ಬಂದದ್ದೇ, ಅಥವಾ ಯಾರೋ ಒಬ್ಬ ವ್ಯಕ್ತಿಯದೇ? ಶಾಲೆಯ ಪರವಾಗಿ ನೇಮಕಗೊಂಡ ಎನ್.ಸಿ.ಸಿ. ಶಿಕ್ಷಕರು ಯಾರು, ಅವರು ಮಕ್ಕಳ ಜೊತೆಗೆ ಇರುತ್ತಾರೆಯೇ? ಹೆಣ್ಣುಮಕ್ಕಳ ಜೊತೆ ಮಹಿಳಾ ತರಬೇತುದಾರರು ಅಥವಾ ಶಿಕ್ಷಕಿ ಹಗಲೂ ರಾತ್ರಿಯೂ ಇರುತ್ತಾರೆಯೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಅವಿಶ್ವಾಸವಲ್ಲ. ಉತ್ತರ ಕೊಡಲು ನಾವು ಬದ್ಧರು. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ ಮಗುವನ್ನು ಕಳುಹಿಸಬೇಡಿ.

ನಮ್ಮಲ್ಲಿ ಇಟ್ಟುಕೊಂಡಿರುವ ನಿಯಮವನ್ನೂ ಹೇಳುತ್ತೇವೆ. ಪಟ್ಟಿಯ ಅಳತೆಯನ್ನು ಮಗುವೇ ತೆಗೆದುಕೊಳ್ಳಬೇಕು; ಕಲಿಸುವವರು ಮಾತಿನಿಂದ, ತಮ್ಮ ತೋಳಿನ ಮೇಲೆ ತೋರಿಸಿ ಹೇಳಬೇಕು. ಮುಟ್ಟಿ ತಿದ್ದಲೇಬೇಕಾದರೆ ಮೊದಲು ಕೇಳಬೇಕು, ಎಲ್ಲರೆದುರು ತಿದ್ದಬೇಕು, ಹೆಣ್ಣುಮಕ್ಕಳನ್ನು ಮಹಿಳೆಯರೇ ತಿದ್ದಬೇಕು. ಮಕ್ಕಳೇ, ‘ಬೇಡ ಸರ್, ನಾನೇ ಸರಿಮಾಡಿಕೊಳ್ಳುತ್ತೇನೆ’ ಎಂದು ಹೇಳುವುದು ಅಶಿಸ್ತಲ್ಲ. ಮನಸ್ಸಿಗೆ ಅಳುಕು ಬಂದರೆ ಮನೆಯಲ್ಲಿ ಹೇಳಿ, ನಮ್ಮಲ್ಲಿ ಯಾರಿಗಾದರೂ ಹೇಳಿ, 1098 ಎಂಬ ಮಕ್ಕಳ ಸಹಾಯವಾಣಿಗೆ ಕರೆ ಮಾಡಿ. ಯಾವ ಭಾಷೆಯಲ್ಲಿ ಬಂದರೂ ಸರಿ, ಹೇಳಿ. ಎನ್.ಸಿ.ಸಿ.ಯ ಧ್ಯೇಯವಾಕ್ಯ ಏಕತೆ ಮತ್ತು ಅನುಶಾಸನ. ತನ್ನ ಮೈಯ ಮೇಲೆ ತನಗಿರುವ ಅಧಿಕಾರವನ್ನು ಬಿಟ್ಟುಕೊಡುವುದು ಅನುಶಾಸನದ ಯಾವ ಅರ್ಥದಲ್ಲೂ ಸೇರುವುದಿಲ್ಲ.

ಈ ಭಯದಿಂದ ಹೆಣ್ಣುಮಕ್ಕಳನ್ನು ಎನ್.ಸಿ.ಸಿ.ಯಿಂದಲೇ ಬಿಡಿಸಿಬಿಡೋಣ ಎಂದು ಕೆಲವು ಮನೆಗಳಲ್ಲಿ ಮಾತು ಬರುತ್ತಿರುವುದು ನಮಗೆ ಗೊತ್ತು. ದಯವಿಟ್ಟು ಹಾಗೆ ಮಾಡಬೇಡಿ. ಎನ್.ಸಿ.ಸಿ. ಕಾಯಿದೆ ಬಂದದ್ದು 1948ರಲ್ಲಿ. ಮರುವರ್ಷವೇ ಹೆಣ್ಣುಮಕ್ಕಳ ವಿಭಾಗ ಆರಂಭವಾಯಿತು. ಮುಕ್ಕಾಲು ಶತಮಾನದ ಹಿಂದೆ ತೆರೆದ ಬಾಗಿಲನ್ನು ಇಂದು ನಾವು ಮುಚ್ಚಬಾರದು. ತಪ್ಪು ಮಾಡಿದವನ ಶಿಕ್ಷೆಯನ್ನು ನಮ್ಮ ಹುಡುಗಿಯರು ಅನುಭವಿಸುವುದು ನ್ಯಾಯವಲ್ಲ. ಬಾಗಿಲು ತೆರೆದಿರಲಿ, ಬಾಗಿಲಲ್ಲಿ ಕಾವಲಿರಲಿ.

ಎನ್.ಸಿ.ಸಿ. ಸೇರದ ಮಕ್ಕಳ ಪೋಷಕರಿಗೂ ಈ ಪಟ್ಟಿಯ ಪಾಠ ಉಪಯೋಗಕ್ಕೆ ಬರುತ್ತದೆ. ಪ್ರತಿ ಮಗುವೂ ದಿನವೂ ಹೆಗಲಿಗೆ ಹಾಕುವ ಪುಸ್ತಕದ ಚೀಲಕ್ಕೂ ಪಟ್ಟಿಯಿದೆ. ಚೀಲದ ಭಾರ ಮಗುವಿನ ತೂಕದ ನೂರಕ್ಕೆ ಹತ್ತರಷ್ಟನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ಎಂದರೆ 30 ಕಿಲೋ ತೂಗುವ ಮಗುವಿಗೆ 3 ಕಿಲೋ. ಎರಡು ಪಟ್ಟಿಗಳನ್ನೂ ಎರಡು ಹೆಗಲಿಗೆ ಹಾಕಿ, ಚೀಲ ಬೆನ್ನಿಗೆ ಒರಗುವಂತೆ, ಸೊಂಟದಿಂದ ಕೆಳಗೆ ಜೋಲದಂತೆ ಬಿಗಿ ಮಾಡಿಕೊಡಿ. ವರ್ಷದ ಆರಂಭದಲ್ಲಿ ಒಮ್ಮೆ ಕಟ್ಟಿದ ಅಳತೆ ವರ್ಷದ ಕೊನೆಗೆ ಸಾಲದು, ಮಕ್ಕಳು ಬೆಳೆಯುತ್ತಾರೆ.

ಕೊನೆಯದಾಗಿ ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರಿದ್ದಾರೆ; ಹೊಸೂರಿನ ಕಾರ್ಖಾನೆಗಳಲ್ಲಿ ಯಂತ್ರಗಳ ನಡುವೆ ಬಾಳು ಸವೆಸಿದವರಿದ್ದಾರೆ. ಹೆಗಲಪಟ್ಟಿ, ಕೊಂಡಿ, ಕುಣಿಕೆ, ಬಿಗಿ, ಸಡಿಲ ಎಂಬ ಐದಾರು ಕನ್ನಡ ಪದಗಳಿಂದ ನಾವು ಇಂದು ಒಂದು ಸಾಧನವನ್ನು ವಿವರಿಸಿದೆವು. ಬಕಲ್, ಟ್ರಿಗರ್, ಸೈಟ್ ಎಂಬಂಥ ಪದಗಳನ್ನು ಇದ್ದ ಹಾಗೆಯೇ ಬಳಸಿದೆವು. ಅದರಿಂದ ಕನ್ನಡಕ್ಕೆ ಕುಂದೇನೂ ಆಗಲಿಲ್ಲ. ನೀವು ಬಲ್ಲ ಸಾಧನಗಳನ್ನು ಹೀಗೆಯೇ ಕನ್ನಡದಲ್ಲಿ ಎರಡೆರಡು ಪುಟ ಬರೆದುಕೊಡಿ, ಇಲ್ಲವೇ ತಿಂಗಳಿಗೊಮ್ಮೆ ಬಂದು ಮಕ್ಕಳೆದುರು ಹೇಳಿ. ಶನಿವಾರದ ಕೊನೆಯ ಎರಡು ಅವಧಿಗಳನ್ನು ಅದಕ್ಕಾಗಿ ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ. ಕಟ್ಟಡಕ್ಕೆ ಕೊಟ್ಟ ದೇಣಿಗೆಯಷ್ಟೇ ಅದೂ ದೊಡ್ಡದು.